ಮೊದಲ ಜೇನು ಯಾರದು

ಸಕ್ಕರೆ ನೀರು ಕುಡಿಸಿದವರೂ ಅವರೇ, ಸಕ್ಕರೆ ಜಾಸ್ತಿ ಉಂಟು ಎಂದವರೂ ಅವರೇ. ನನ್ನ ಅತ್ತೆ ರಾಜೀವಿಯವರ ಪ್ರಕಾರ ಕಾಸರಗೋಡಿನ ಆ ಆಸ್ಪತ್ರೆಯ ಬಣ್ಣ ಅಷ್ಟರಲ್ಲೇ ಬಯಲಾಗಿತ್ತು. ನನಗೆ ಆಗ ಆರನೆಯ ತಿಂಗಳು. ಒಂದು ಲೋಟ ನೀರಿಗೆ ಏನೋ ಪುಡಿ ಕಲಸಿ ಕುಡಿಸಿ, ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ರಕ್ತ ತೆಗೆದಿದ್ದರು. ಲೋಟದ ತಳದಲ್ಲಿ ಉಳಿದದ್ದನ್ನು ಅತ್ತೆ ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿ ನೋಡಿದ್ದರು. ಹಾಗಾಗಿ ರಿಪೋರ್ಟು ಬರುವ ಹೊತ್ತಿಗೆ ಅವರ ಬಳಿ ಸಾಕ್ಷಿ ಸಿದ್ಧವಿತ್ತು.

“ಸಿಸ್ಟ್ರೇ, ನೀವು ಕೊಟ್ಟದ್ದು ಪಾನಕವೇ ಅಲ್ವಾ? ಅದನ್ನು ಕುಡಿದರೆ ನಿಮಗೂ ಜಾಸ್ತಿ ಬರ್ತದೆ.”

“ನನಗೆ ಬರುವುದಿಲ್ಲ,” ಎಂದರು ಸಿಸ್ಟರ್. “ಕುಡಿದದ್ದನ್ನು ಇಳಿಸಲಿಕ್ಕೆ ಮೈಗೆ ಆಗ್ತದಾ ಇಲ್ಲವಾ ಅಂತ ನೋಡಲಿಕ್ಕೇ ಕುಡಿಸುವುದು. ಇವರ ಮೈಗೆ ಆಗ್ತಾ ಇಲ್ಲ. ಬಸುರಿನಲ್ಲಿ ಕೆಲವರಿಗೆ ಹೀಗೆ ಆಗುವುದುಂಟು. ನೀವು ಮೊದಲು ಆ ಲೋಟ ಕೆಳಗೆ ಇಡಿ.”

ಈ ಸಿಸ್ಟರ್ ಹೆಸರು ಅನ್ನಪೂರ್ಣೇಶ್ವರಿ, ಊರು ಬದಿಯಡ್ಕದ ಹತ್ತಿರ. ಆ ಹೆಸರಿಟ್ಟು ತೊಟ್ಟಿಲು ತೂಗಿದವರಿಗೆ, ಮುಂದೆ ಇವರು ಬಸುರಿಯರ ಬಟ್ಟಲಿನಿಂದ ಅನ್ನ ತೆಗೆಸುವ ಕೆಲಸ ಹಿಡಿಯುತ್ತಾರೆಂದು ಹೇಗೆ ಗೊತ್ತಿರಬೇಕು? ಬೈಯುವುದರಲ್ಲಿ ಅವರಿಗೆ ಬಡವ ಬಲ್ಲಿದ ಎಂಬ ಭೇದವಿರಲಿಲ್ಲ. ತಡವಾಗಿ ಬಂದವರಿಗೂ ಬೈಗುಳ, ಬೇಗ ಬಂದು ಬಾಗಿಲು ತಟ್ಟಿದವರಿಗೂ ಬೈಗುಳ. ಒಮ್ಮೆ ಡಾಕ್ಟರರನ್ನೇ, “ನಿಮ್ಮ ಅಕ್ಷರ ನಾನು ಓದುವುದಾ, ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವುದಾ?” ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅತ್ತೆ ಎದುರಿಗೆ ‘ಸಿಸ್ಟ್ರೇ’ ಎನ್ನುತ್ತಿದ್ದರು, ಗೇಟು ದಾಟಿದ ಮೇಲೆ ‘ಆ ಘಟವಾಣಿ’.

ಆ ದಿನ ಘಟವಾಣಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದರು.

“ತಾಯಿಯ ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ಮಗುವಿಗೂ ಅದೇ ಹೋಗುವುದು. ಮಗು ಅಳತೆ ಮೀರಿ ದಪ್ಪ ಆಗ್ತದೆ, ಹೆರಿಗೆ ಕಷ್ಟ ಆಗ್ತದೆ. ಹುಟ್ಟಿದ ಮೇಲೆ ಮಗುವಿನ ಸಕ್ಕರೆ ಒಮ್ಮೆಲೇ ಇಳಿದು ಜೀವಕ್ಕೇ ಕುತ್ತು ಬರಬಹುದು. ಅನ್ನ ಅರ್ಧ ಮಾಡಿ. ಸೊಪ್ಪು, ಮೀನು ಧಾರಾಳ ತಿನ್ನಿ. ಊಟ ಆದ ಮೇಲೆ ನಡೆಯಬೇಕು. ಮನೆಯಲ್ಲೇ ಬೆರಳು ಚುಚ್ಚಿ ಮೆಷಿನಿನಲ್ಲಿ ನೋಡಬೇಕು. ಹೇಳಿದ ಹಾಗೆ ಕೇಳಿದರೆ ಹೆದರಲಿಕ್ಕೆ ಎಂತದೂ ಇಲ್ಲ.”

ಮಗು ದಪ್ಪ ಎಂದರೆ ಯಾವ ಅಜ್ಜಿಯಾದರೂ ಹಿಗ್ಗಬೇಕು. ಅತ್ತೆ ಹಿಗ್ಗಲಿಲ್ಲ, ಸೆರಗಿನ ತುದಿ ತಿರುಚುತ್ತ ಕೂತರು. ಬೈಸಿಕೊಂಡದ್ದಕ್ಕೆ ಬೇಸರವಾಗಿರಬೇಕು ಎಂದು ನಾನು ತಿಳಿದೆ.

“ಮತ್ತೊಂದು ಮಾತು,” ಎಂದರು ಸಿಸ್ಟರ್. “ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಕ್ರಮ ಉಂಟಾ ನಿಮ್ಮಲ್ಲಿ?”

“ಉಂಟು,” ಎಂದರು ಅತ್ತೆ, ತಲೆ ಎತ್ತಿ.

“ಇನ್ನು ಇಲ್ಲ. ಜೇನಿನಲ್ಲಿ ಕೆಲವು ಸಲ ಒಂದು ಕ್ರಿಮಿ ಇರ್ತದೆ. ದೊಡ್ಡವರಿಗೆ ಎಂತ ಆಗುವುದಿಲ್ಲ, ಶಿಶುವಿನ ಹೊಟ್ಟೆಯಲ್ಲಿ ಅದು ವಿಷ ಆಗ್ತದೆ. ಒಂದು ವರ್ಷ ತುಂಬುವವರೆಗೆ ಜೇನು ತೋರಿಸಲಿಕ್ಕೂ ಇಲ್ಲ. ಮೊದಲು ತಾಯಿಯ ಹಾಲು.”

ಅತ್ತೆ ತುಟಿ ಬಿಚ್ಚಲಿಲ್ಲ. ಅತ್ತೆ ಮಾತಾಡಿದರೆ ನಾನು ಹೆದರುವುದಿಲ್ಲ, ಸುಮ್ಮನಾದರೆ ಹೆದರುತ್ತೇನೆ.

ಜೇನಿನ ಸಂಗತಿ ಇಲ್ಲಿ ಹೇಳಿಬಿಡಬೇಕು. ಹುಟ್ಟಿದ ಮಗುವಿನ ಬಾಯಿಗೆ ಮೊದಲ ಸಿಹಿಯನ್ನು ಯಾರು ಹಚ್ಚುತ್ತಾರೋ ಅವರ ಗುಣ ಮಗುವಿಗೆ ಬರುತ್ತದೆ ಎಂಬುದರಲ್ಲಿ ನನ್ನ ಎರಡೂ ಮನೆಗಳಿಗೆ ಎಳ್ಳಷ್ಟೂ ಸಂಶಯವಿಲ್ಲ. ಚಿನ್ನದ ಉಂಗುರವನ್ನು ಜೇನಿನಲ್ಲಿ ಅದ್ದಿ ನೆಕ್ಕಿಸಬೇಕು. ನೆಕ್ಕಿಸಿದವರಿಗೆ ವೀಳ್ಯದ ಜೊತೆ ಹೊಸ ಬಟ್ಟೆ ಕೊಡಬೇಕು. ಮಗು ದೊಡ್ಡದಾಗಿ ಹೇಗೇ ಆದರೂ ಇದಕ್ಕೆ ಪುರಾವೆ ಸಿಗುತ್ತದೆ. ನನ್ನ ಗಂಡ ಧನರಾಜ್ ಹುಟ್ಟಿದ್ದು ಮನೆಯಲ್ಲಿ. ಅವನಿಗೆ ಜೇನು ನೆಕ್ಕಿಸಿದ್ದು ಆ ಗಳಿಗೆಗೆ ಸರಿಯಾಗಿ ಸೈಕಲ್ಲಿನಲ್ಲಿ ಅಂಗಳಕ್ಕೆ ಬಂದ ಮೀನಿನವ. ಅದಕ್ಕೇ ಧನರಾಜ್ ಈಗಲೂ ಕಾಗೆಗಿಂತ ಮೊದಲು ಏಳುತ್ತಾನೆ, ಯಾರ ಮನೆಗೆ ಹೋದರೂ ಅಂಗಳದಿಂದಲೇ ಹಿಂದೆ ಬರುತ್ತಾನೆ, ಉಪ್ಪಳದಲ್ಲಿರುವ ತನ್ನ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬಿನ ರೇಟನ್ನೂ ಕೂಗಿಯೇ ಹೇಳುತ್ತಾನೆ. ಇಷ್ಟು ದೊಡ್ಡ ಕೆಲಸಕ್ಕೆ ದಾರಿಯಲ್ಲಿ ಹೋಗುವ ಮೀನಿನವನನ್ನು ಯಾಕೆ ಕರೆದಿರಿ ಎಂದು ಅತ್ತೆಯನ್ನು ಒಮ್ಮೆ ಕೇಳಿದ್ದೆ. “ಕಾಯಲಿಕ್ಕೆ ನನಗೆ ಪುರುಸೊತ್ತಿರಲಿಲ್ಲ” ಎಂದಿದ್ದರು. ಧನರಾಜನಿಗಿಂತ ಮೊದಲು ಅವರಿಗೆ ಒಂದು ಹೆಣ್ಣು ಹುಟ್ಟಿ ಉಳಿದಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈ ಸಲಕ್ಕೆ ಅತ್ತೆ ಮನಸ್ಸಿನಲ್ಲೇ ಒಬ್ಬರನ್ನು ಗೊತ್ತುಮಾಡಿದ್ದರು, ಅವರ ಅಣ್ಣ ಮಹಾಬಲ ಮಾವ. ಕುಂಬಳೆಯ ಹತ್ತಿರದ ಅನಂತಪುರದಲ್ಲಿ ಮನೆ, ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದವರು, ಬಲು ಗಂಭೀರ. ಫೋನು ಎತ್ತಿ ‘ಹಲೋ’ ಎನ್ನುವುದನ್ನೂ ಎದುರಿನವರಿಗೇ ಬಿಟ್ಟುಬಿಡುತ್ತಾರೆ. ವರ್ಕಾಡಿಯಲ್ಲಿರುವ ನನ್ನ ಅಮ್ಮನ ಮನಸ್ಸಿನಲ್ಲಿದ್ದದ್ದು ಅವಳ ತಮ್ಮ, ಜೀಪು ಓಡಿಸುವ ಚೆನ್ನಯ್ಯ ಮಾವ. ಅವರು ಬಾಯಿ ತೆರೆದರೆ ತಮಾಷೆ. ಹತ್ತು ಜನ ಹಿಡಿಯುವ ಜೀಪಿನಲ್ಲಿ ಹದಿನೈದು ಜನ ತಕರಾರಿಲ್ಲದೆ ಕೂರುವುದು ಅವರ ಬಾಯಿಯ ಬಲದಿಂದ.

“ಸಿಸ್ಟರ್ ಬೇಡ ಅಂದಿದ್ದಾರಲ್ಲ ಅತ್ತೆ,” ಎಂದು ಒಮ್ಮೆ ಹೇಳಿ ನೋಡಿದೆ.

“ಸಕ್ಕರೆ ಬಂದದ್ದು ನಿನಗೆ. ಮಗುವಿಗೆ ಬಂದದ್ದಲ್ಲ,” ಎಂದರು.

ಅಮ್ಮನಿಗೆ ಫೋನು ಮಾಡಿದೆ. “ಒಂದು ಹನಿಯಿಂದ ಎಂತ ಆಗ್ತದೆ ಮಗಾ? ನೀನೂ ಅದನ್ನೇ ನೆಕ್ಕಿ ಬೆಳೆದವಳು,” ಎಂದಳು. ಮದುವೆಯಾದಾಗಿನಿಂದ ಬೀಗಿತ್ತಿಯರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ನಾನು ಮಂಗಲ್ಪಾಡಿಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಲೀಡರ್ ಯಾರಾಗಬೇಕೆಂದು ಮಕ್ಕಳು ಹೊಡೆದಾಡಿದರೆ ನಾನು ಬೇಡ ಎನ್ನುವುದಿಲ್ಲ. ಲೀಡರ್ ಹೇಗಿರಬೇಕು ಮಕ್ಕಳೇ ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ವಾರ ಕಳೆದರೂ ಅವರು ಅದರಲ್ಲೇ ಇರುತ್ತಾರೆ. ಈ ಉಪಾಯ ಅರುವತ್ತು ದಾಟಿದವರ ಮೇಲೂ ನಡೆಯುತ್ತದೆ ಎಂದು ನನಗೆ ಆ ತಿಂಗಳು ಗೊತ್ತಾಯಿತು.

“ಮಹಾಬಲ ಮಾವನ ಗುಣಕ್ಕೆ ಎಂತ ಕೊರತೆ ಇಲ್ಲ ಅತ್ತೆ,” ಎಂದೆ ಒಂದು ಸಂಜೆ, ಬಸಳೆ ಸೋಸುತ್ತ. “ಆದರೆ ಅವರು ಮಾತೇ ಆಡುವುದಿಲ್ಲವಲ್ಲ. ಮಗು ಮಾತು ಕಲಿಯದಿದ್ದರೆ?”

ಅತ್ತೆಯ ಕೈ ನಿಂತಿತು. ಅದೇ ವಾರ ಅಮ್ಮನಿಗೆ, “ಚೆನ್ನಯ್ಯ ಮಾವ ನಗಿಸ್ತಾರೆ, ಸರಿ. ನಾಳೆ ಬರ್ತೇನೆ ಅಂದವರು ನಾಳೆಯೇ ಬಂದದ್ದುಂಟಾ?” ಎಂದು ಕೇಳಿದೆ. ಅಲ್ಲಿಂದ ಎರಡೂ ಮನೆಗಳಲ್ಲಿ ವಿಚಾರಣೆ ಸುರುವಾಯಿತು. ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ. ಮಹಾಬಲ ಮಾವ ಎಳವೆಯಲ್ಲಿ ಮಣ್ಣು ತಿನ್ನುತ್ತಿದ್ದರು ಎಂಬ ಸುದ್ದಿ ಅಮ್ಮನಿಗೆ ಸಿಕ್ಕಿತು. ಚೆನ್ನಯ್ಯ ಮಾವ ನಾಲ್ಕನೆಯ ಕ್ಲಾಸಿನಲ್ಲಿ ಎರಡು ವರ್ಷ ಕೂತಿದ್ದರು ಎಂಬುದನ್ನು ಅತ್ತೆ ಪತ್ತೆಹಚ್ಚಿದರು. ಒಪ್ಪಂದವಾಗುವ ಲಕ್ಷಣ ಕಾಣಲಿಲ್ಲ. ಒಪ್ಪಂದವಾಗುವವರೆಗೆ ಜೇನೂ ಇಲ್ಲ ಎಂದು ನಾನು ನೆಮ್ಮದಿಯಿಂದ ನನ್ನ ಅರ್ಧ ಅನ್ನ ಉಣ್ಣುತ್ತಿದ್ದೆ.

ನೆಮ್ಮದಿ ಎಂದದ್ದು ಪೂರ್ತಿ ನಿಜವಲ್ಲ. ನನಗೆ ಹಸಿವಾಗುತ್ತಿತ್ತು. ಹಸಿದ ಟೀಚರಿನ ಕೈಯಲ್ಲಿ ಓದುವ ಮಕ್ಕಳ ಪಾಡನ್ನು ಹೇಳದಿರುವುದೇ ಲೇಸು. ಕುಚ್ಚಿಲಕ್ಕಿ ಗಂಜಿಯ ಪರಿಮಳಕ್ಕೆ ಕಣ್ಣಲ್ಲಿ ನೀರು ಬರುವುದುಂಟು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಂಬುತ್ತಿರಲಿಲ್ಲ. ಬೆರಳ ತುದಿಗಳೆಲ್ಲ ಚುಚ್ಚಿ ಚುಚ್ಚಿ ಒರಟಾಗಿದ್ದವು. ಮೆಷಿನಿನಲ್ಲಿ ಅಂಕಿ ಹೆಚ್ಚು ಬಂದ ದಿನ ಹೊಟ್ಟೆಯ ಮೇಲೆ ಕೈಯಿಟ್ಟು, ತಪ್ಪಾಯಿತು ಎಂದು ಒಳಗಿನ ಮಗುವಿಗೆ ಹೇಳುತ್ತಿದ್ದೆ.

ಇಂಥ ಸ್ಥಿತಿಯಲ್ಲಿ ಬಂತು ಬಯಕೆಯ ಶಾಸ್ತ್ರ. ಏಳನೆಯ ತಿಂಗಳಲ್ಲಿ ಬಸುರಿಯನ್ನು ಸಿಂಗರಿಸಿ ಕೂರಿಸಿ, ಎದುರಿಗೆ ಬಾಳೆಲೆ ಹಾಕಿ, ಬಂದ ಹೆಂಗಸರೆಲ್ಲ ಒಂದೊಂದು ತುತ್ತು ಸಿಹಿ ಬಾಯಿಗಿಡುವ ದಿನ. ಸುಕ್ರುಂಡೆ, ಎಳ್ಳುಂಡೆ, ಹೋಳಿಗೆ, ಲಾಡು ಎಲ್ಲ ಸಾಲಾಗಿ ಬಂದವು. ಬೇಡ ಎಂದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಹೆದರಿಸಲು ನಾಲ್ಕು ಜನ ಮುದುಕಿಯರು ಮೊದಲ ಸಾಲಿನಲ್ಲೇ ಇದ್ದರು. ನಾನು ಬೇಡ ಎನ್ನಲಿಲ್ಲ. ಮಡಿಲಲ್ಲಿದ್ದ ಹೂವಿನ ಕೆಳಗಿನಿಂದ ಮೆಷಿನು ಹೊರಗೆ ತೆಗೆದೆ.

“ಬನ್ನಿ ದೊಡ್ಡಮ್ಮ,” ಎಂದೆ. “ಸಿಹಿ ಕೊಡುವವರು ಮೊದಲು ಬೆರಳು ಕೊಡಬೇಕಂತೆ. ಸಕ್ಕರೆ ಸರಿ ಇರುವವರ ಕೈಯಿಂದ ಮಾತ್ರ ತಿನ್ನಬಹುದು ಅಂತ ಸಿಸ್ಟರ್ ಹೇಳಿದ್ದಾರೆ.”

ಸಿಸ್ಟರ್ ಹಾಗೆ ಹೇಳಿರಲಿಲ್ಲ. ಆದರೆ ಸೂಜಿ ಕಂಡ ಕೂಡಲೇ ದೊಡ್ಡಮ್ಮನ ಸುಕ್ರುಂಡೆ ಎಲೆಯ ಮೂಲೆಯಲ್ಲೇ ಉಳಿಯಿತು, ಅವರು ಅಕ್ಷತೆ ಮಾತ್ರ ಹಾಕಿ ಹಿಂದೆ ಸರಿದರು. ಅವರ ಹಿಂದಿದ್ದವರಿಗೂ ಅಕ್ಷತೆಯೇ ಸಾಕೆನಿಸಿತು. ಮರ್ಯಾದೆ ಹೋಯಿತೆಂದು ಅತ್ತೆ ಕೆಂಪಾದರು.

“ಇಷ್ಟಕ್ಕೆಲ್ಲ ಹೆದರುವುದಾ? ತೆಗೋ, ನನ್ನ ಬೆರಳು ಚುಚ್ಚು,” ಎಂದು ಎಲ್ಲರೆದುರು ಕೈ ಚಾಚಿದರು.

ಚುಚ್ಚಿದೆ. ಬಂದ ಅಂಕಿ ನನ್ನದರ ದುಪ್ಪಟ್ಟಿಗಿಂತ ಮೇಲಿತ್ತು. ನಾನು ಅದನ್ನು ಅವರ ಕಿವಿಯಲ್ಲಿ ಮಾತ್ರ ಹೇಳಿದೆ.

“ನಿನ್ನ ಮೆಷಿನಿಗೆ ತಲೆ ಸರಿ ಇಲ್ಲ,” ಎಂದರು ಅತ್ತೆ. ಆಮೇಲೆ ಎಷ್ಟು ಸಲ ಹೇಳಿದರೂ ಆಸ್ಪತ್ರೆಯಲ್ಲಿ ರಕ್ತ ಕೊಡಲು ಒಪ್ಪಲಿಲ್ಲ. ನಾನು ಸಿಹಿ ತಿನ್ನಬಾರದ ಕಾರಣ ಮನೆಯಲ್ಲಿ ಯಾರೂ ತಿನ್ನಬಾರದು ಎಂದು ಮಾತ್ರ ಕಾನೂನು ಮಾಡಿದರು. ಊಟವಾದ ಮೇಲೆ ನನ್ನ ಜೊತೆ ರಸ್ತೆಯ ತುದಿಯವರೆಗೆ ನಡೆಯುತ್ತಿದ್ದರು, ಕಾಲು ನೋವೆಂದು ಬೈಯುತ್ತ. ವಾಪಸು ಬಂದು ನಾನು ಕಾಲು ತೊಳೆಯುವಷ್ಟರಲ್ಲಿ ಅಡಿಗೆಮನೆಯ ಬೆಲ್ಲದ ಭರಣಿಯ ಮುಚ್ಚಳ ಸದ್ದು ಮಾಡುತ್ತಿತ್ತು. ಅತ್ತೆಯ ಮೇಲೆ ನನಗೆ ಸಿಟ್ಟು ಬಂದದ್ದೂ ಉಂಟು, ಪ್ರೀತಿ ಉಕ್ಕಿದ್ದೂ ಉಂಟು. ಎರಡೂ ಸಾಮಾನ್ಯವಾಗಿ ಒಂದೇ ಹೊತ್ತಿಗೆ.

ಎಂಟನೆಯ ತಿಂಗಳಿಗೆ ಪಥ್ಯ ಸಾಲದೆ ಇನ್ಸುಲಿನ್ ಸುರುವಾಯಿತು. ಮಗು ತುಸು ದಪ್ಪವೇ ಇದೆ, ದಿನ ತುಂಬುವವರೆಗೆ ಕಾಯುವುದು ಬೇಡ, ಒಂದೆರಡು ವಾರ ಮೊದಲೇ ನೋವು ಬರಿಸೋಣ ಎಂದರು ಡಾಕ್ಟರು. ಆ ರಾತ್ರಿಗಳಲ್ಲಿ ನನಗೆ ನಿದ್ದೆ ಬರಲಿಲ್ಲ. ನಾನು ಉಣ್ಣದೆ ಬಿಟ್ಟ ಅನ್ನವೆಲ್ಲ ಸಾಲದೇ ಹೋಯಿತೇ ಎಂದು ಹೆದರಿಕೆಯಾಗುತ್ತಿತ್ತು.

ಆಸ್ಪತ್ರೆಗೆ ಸೇರುವ ಬೆಳಿಗ್ಗೆ ನನ್ನ ಲೀಡರ್ ಉಪಾಯ ಮಣ್ಣುಪಾಲಾದದ್ದು ಗೊತ್ತಾಯಿತು. ಅತ್ತೆಯ ಕೈಚೀಲದಲ್ಲಿ ಬಿಳಿ ಪಂಚೆಯೊಂದು ವೀಳ್ಯದೆಲೆಯ ಜೊತೆ ಮಡಚಿಕೊಂಡು ಕೂತಿತ್ತು. ಅದರ ಒಳಗೆ ಒಂದು ಪುಟ್ಟ ಸೀಸೆ, ಮನೆಯ ಹಿಂದಿನ ಗೋಡೆಯ ಪೊಟರೆಯಲ್ಲಿ ಸಣ್ಣ ನೊಣಗಳು ಕಟ್ಟಿದ ಮುಜಂಟಿ ಜೇನು. ಪಂಚೆ ಯಾರಿಗೆಂದು ಕೇಳಬೇಕಾಗಿಯೇ ಇರಲಿಲ್ಲ. ಅಮ್ಮನಿಗೆ ಫೋನು ಮಾಡಿ ದೂರೋಣವೆಂದರೆ, “ನಾನು ಆಗಲೇ ಹೊರಟೆ ಮಗಾ, ಚೆನ್ನಯ್ಯ ಆಮೇಲೆ ಬರ್ತಾನೆ, ಉಂಗುರ ಅವನ ಹತ್ತಿರವೇ ಉಂಟು” ಎಂದಳು. ಇಬ್ಬರೂ ಬಾಯಿಯಲ್ಲಿ ವಿಚಾರಣೆ ನಡೆಸುತ್ತ ಒಳಗಿಂದೊಳಗೆ ತಂತಮ್ಮ ಅಭ್ಯರ್ಥಿಯನ್ನು ನಿಲ್ಲಿಸಿಯಾಗಿತ್ತು. ಶಾಲೆಯ ಮಕ್ಕಳು ಇಷ್ಟು ಕಳ್ಳರಲ್ಲ.

ನೋವಿನ ಸಂಗತಿ ನಾನು ವರ್ಣಿಸುವುದಿಲ್ಲ, ಹೆತ್ತವರಿಗೆ ಗೊತ್ತುಂಟು, ಉಳಿದವರು ನಂಬುವುದಿಲ್ಲ. ಆ ತಿಂಗಳು ಅನ್ನಪೂರ್ಣೇಶ್ವರಿ ಸಿಸ್ಟರಿನ ಡ್ಯೂಟಿ ಹೆರಿಗೆ ವಾರ್ಡಿನಲ್ಲೇ ಇತ್ತು. “ಕೂಗಿ ಸುಸ್ತಾಗಬೇಡಿ, ಮಕ್ಕಳಿಗೆ ಪಾಠ ಹೇಳುವಾಗ ಗಂಟಲು ಬೇಕಾಗ್ತದೆ,” ಎಂದು ಬೈಯುತ್ತ, ನನ್ನ ಬೆವರು ಒರೆಸುತ್ತ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಮಗಳು ಹುಟ್ಟಿದಳು. ತೂಕ ಮೂರು ಮುಕ್ಕಾಲು ಕಿಲೋ, ಕೆನ್ನೆ ಎರಡೂ ಊದಿಕೊಂಡಿದ್ದವು. ಒರೆಸಿ ನನ್ನ ಎದೆಯ ಮೇಲೆ ಮಲಗಿಸಿದರು. ನಾನು ಅತ್ತುಬಿಟ್ಟೆ. ಅವಳು ಒಮ್ಮೆ ಸಣ್ಣಗೆ ಕುಂಯ್ ಎಂದು ನಿದ್ದೆಹೋದಳು.

ಹಾಲಿಗೆ ಹಿಡಿದರೆ ಬಾಯಿ ತೆರೆಯಲಿಲ್ಲ. ಪಾದ ತಟ್ಟಿದರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಪುಟ್ಟ ಕೈ ನನ್ನ ಎದೆಯ ಮೇಲೆ ಸಣ್ಣಗೆ ನಡುಗತೊಡಗಿತು. ಚಳಿಯಾಗುತ್ತಿದೆಯೇನೋ ಎಂದು ಬಟ್ಟೆ ಎಳೆದೆ, ನಡುಕ ನಿಲ್ಲಲಿಲ್ಲ. ಸಿಸ್ಟರ್ ನನ್ನ ಕಡೆ ನೋಡದೆ ಮಗುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಮೆಷಿನು ನೋಡಿದರು. ಆಮೇಲೆ ಮಕ್ಕಳ ಡಾಕ್ಟರನ್ನು ಕರೆದರು. ಕರೆಯುವಾಗ ಬೈಯಲಿಲ್ಲ, ಅದರಿಂದಲೇ ನನಗೆ ಭಯವಾಯಿತು.

“ಸಕ್ಕರೆ ಇಳಿದಿದೆ,” ಎಂದರು ಡಾಕ್ಟರು. “ಜೆಲ್ ಹಚ್ಚಿ, ಹಾಲಿಗೆ ಹಿಡಿಯಿರಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡೋಣ. ಏರದಿದ್ದರೆ ಮೇಲೆ ಐಸಿಯುಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಬೇಕು.”

ಅತ್ತೆ ನನ್ನ ತಲೆಯ ಬಳಿ ನಿಂತಿದ್ದರು. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದಾಗ ಅಮ್ಮನನ್ನು ಬಾಗಿಲ ಬಳಿ ನಿಲ್ಲಿಸಿ ಒಳಗೆ ನುಗ್ಗಿದ್ದರು, ಕೈಚೀಲ ಸಮೇತ.

“ಅವತ್ತು ಸಕ್ಕರೆ ಜಾಸ್ತಿ ಅಂದ್ರಿ, ಇವತ್ತು ಕಡಿಮೆ ಅಂತೀರಿ. ನಿಮಗೆ ಒಂದು ಮಾತು ಬೇಡ್ವಾ?” ಎಂದರು.

“ಜಾಸ್ತಿ ಇದ್ದದ್ದು ತಾಯಿಗೆ,” ಎಂದರು ಸಿಸ್ಟರ್, ಕೈಗವಸು ಹಾಕಿಕೊಳ್ಳುತ್ತ. “ಒಳಗೆ ಇರುವಾಗ ಅದು ಮಗುವಿಗೂ ಹೋಗ್ತಾ ಇತ್ತು. ಅದನ್ನು ಇಳಿಸಲಿಕ್ಕೆ ಮಗುವಿಗೆ ತಾನೇ ಇನ್ಸುಲಿನ್ ಮಾಡಿ ಮಾಡಿ ಅಭ್ಯಾಸ ಆಗಿದೆ. ಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ನಿಂತಿತು. ಇನ್ಸುಲಿನ್ ಅಷ್ಟು ಬೇಗ ನಿಲ್ಲುವುದಿಲ್ಲ.”

“ಸಕ್ಕರೆಯೇ ಬೇಕಾದರೆ ಇದು ಉಂಟಲ್ಲ.” ಅತ್ತೆ ಪಂಚೆಯೊಳಗಿಂದ ಸೀಸೆ ಹೊರಗೆ ತೆಗೆದಿದ್ದರು.

“ಅದನ್ನು ಒಳಗೆ ಇಡಿ.”

“ಇಡುವುದಿಲ್ಲ. ಅಣ್ಣನಿಗೆ ಕಾಯುವುದಿಲ್ಲ ನಾನು, ನಾನೇ ಹಚ್ತೇನೆ. ನನ್ನ ಚೊಚ್ಚಲೂ ಹೀಗೇ ನಡುಗಿತು ಸಿಸ್ಟ್ರೇ. ಇಷ್ಟೇ ದಪ್ಪ ಇತ್ತು. ನೋಡಿದವರೆಲ್ಲ ಹೊಗಳಿದರು. ಸೋದರಮಾವನೇ ಮೊದಲು ಜೇನು ಹಚ್ಚಬೇಕು ಅಂತ ಅಣ್ಣನಿಗೆ ಕಾದೆವು, ಅವನು ಬರುವವರೆಗೆ ಬಾಯಿಗೆ ಎಂತದೂ ಕೊಡಲಿಲ್ಲ. ಆ ದಿನ ಬಸ್ಸು ಬರಲಿಲ್ಲ. ಅವನು ನಡೆದುಕೊಂಡು ಬಂದು ಮುಟ್ಟುವಾಗ...”

ಸೀಸೆಯ ಮುಚ್ಚಳ ತಿರುಗಿಸಲು ಅತ್ತೆಯ ಬೆರಳಿಗೆ ಆಗುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಇವರು ಹೊತ್ತುಕೊಂಡಿದ್ದದ್ದು ಇದನ್ನು ಎಂದು ನನಗೆ ಆಗ ಗೊತ್ತಾಯಿತು. ನಾನು ಇದೇ ಜೇನಿನ ಮೇಲೆ ಎಂಥೆಂಥ ತಮಾಷೆ ಮಾಡಿದ್ದೆ.

ಅಷ್ಟರಲ್ಲಿ ಸಿಸ್ಟರ್ ಒಂದು ಟ್ಯೂಬಿನಿಂದ ಬೆರಳಿಗೆ ಏನೋ ಹಾಕಿಕೊಂಡು, ಮಗುವಿನ ಬಾಯಿ ಮೆಲ್ಲಗೆ ಬಿಡಿಸಿ, ಕೆನ್ನೆಯ ಒಳಗೆ ಹಚ್ಚಿ ತಿಕ್ಕಿಯಾಗಿತ್ತು.

“ಅಮ್ಮ,” ಎಂದರು, ನಾನು ಅವರಲ್ಲಿ ಎಂದೂ ಕೇಳದ ದನಿಯಲ್ಲಿ. “ಅವತ್ತು ನಿಮ್ಮ ಮಗುವಿಗೆ ಆದದ್ದು ಇದೇ ಅಂತ ನಾನು ಹೇಳಲಿಕ್ಕಾಗುವುದಿಲ್ಲ. ಆಗಿರಲೂಬಹುದು. ಅವತ್ತು ನೋಡುವವರು ಇರಲಿಲ್ಲ. ಇವತ್ತು ನಾವು ನೋಡ್ತಾ ಇದ್ದೇವೆ. ಆ ಸೀಸೆ ಕೊಡಿ ಇಲ್ಲಿ.”

ಅತ್ತೆ ಕೊಟ್ಟುಬಿಟ್ಟರು. ಸಿಸ್ಟರ್ ಅದನ್ನು ಏಪ್ರನಿನ ಕಿಸೆಗೆ ಹಾಕಿ, ಮಗುವನ್ನು ನನ್ನ ಎದೆಗೆ ಸರಿಯಾಗಿ ಒತ್ತಿ ಹಿಡಿದು, ಕಿವಿ ತಿಕ್ಕಿ ಎಬ್ಬಿಸಿದರು. ಮೊದಲು ಒಂದು ಸಲ ಚಪ್ಪರಿಸಿದಳು. ಮತ್ತೊಂದು ಸಲ. ಆಮೇಲೆ ನನ್ನನ್ನು ಬಿಡದೆ ಕಚ್ಚಿ ಹಿಡಿದುಕೊಂಡಳು. ಅತ್ತೆ ಆ ಅರ್ಧ ಗಂಟೆ ಮಂಚದ ಸರಳು ಹಿಡಿದು ನಿಂತೇ ಇದ್ದರು. ಕೂರಿ ಎಂದರೆ ಕೂರಲಿಲ್ಲ. ಬಾಗಿಲಲ್ಲಿ ಅಮ್ಮ ಯಾವ ಯಾವ ದೈವಕ್ಕೋ ಹರಕೆ ಹೇಳುತ್ತಿದ್ದಳು, ಧನರಾಜ್ ಜೀವಮಾನದಲ್ಲಿ ಮೊದಲ ಸಲ ಕೂಗದೆ ನಿಂತಿದ್ದ.

ಮತ್ತೆ ಹಿಮ್ಮಡಿ ಚುಚ್ಚಿದರು. ಈ ಸಲ ನಮ್ಮ ಮಗಳು ಇಡೀ ವಾರ್ಡು ತಿರುಗಿ ನೋಡುವ ಹಾಗೆ ಕಿರುಚಿದಳು. ಸಿಸ್ಟರ್ ಮೆಷಿನು ನೋಡಿ ತಲೆಯಾಡಿಸಿದರು.

“ಏರಿದೆ. ಮೇಲೆ ಹೋಗುವುದು ಬೇಡ. ಇನ್ನು ಎರಡು ದಿನ ಹೀಗೇ ಚುಚ್ಚಿ ನೋಡ್ತಾ ಇರಬೇಕು, ಎರಡೆರಡು ಗಂಟೆಗೆ ಹಾಲು ಕೊಡಬೇಕು. ನಿದ್ದೆ ಬಂತು ಅಂತ ಹೇಳಿದರೆ ನಾನು ಕೇಳುವವಳಲ್ಲ.”

“ನಾನು ಪಥ್ಯ ಸರಿ ಮಾಡಲಿಲ್ಲವಾ ಸಿಸ್ಟರ್?” ಎಂದು ಕೇಳಿದೆ. ತಿಂಗಳುಗಟ್ಟಲೆ ಕೇಳಬೇಕೆಂದಿದ್ದ ಪ್ರಶ್ನೆ ಅದು.

“ಸರಿ ಮಾಡಿದ್ದಕ್ಕೇ ಇಷ್ಟರಲ್ಲಿ ಹೋಯಿತು. ಸುಮ್ಮನೆ ಅಳಬೇಡಿ, ಹಾಲು ಕೊಡಿ.”

ಅತ್ತೆ ಕಣ್ಣು ಒರೆಸಿಕೊಂಡರು, ಮೂಗು ಏರಿಸಿದರು, ಮತ್ತೆ ಅತ್ತೆಯಾದರು.

“ಆಗ ಹಚ್ಚಿದಿರಲ್ಲ, ಅದು ಎಂತದು?”

“ಗ್ಲೂಕೋಸ್ ಜೆಲ್.”

“ಸಿಹಿಯಾ?”

“ಸಿಹಿಯೇ. ಮಗುವಿಗೆ ಆಗುವ ಸಕ್ಕರೆ.”

ಬಾಗಿಲಲ್ಲಿ ನಿಂತಿದ್ದ ಅಮ್ಮ, “ದೇವರೇ, ಹಾಗಾದರೆ ಮೊದಲ ಸಿಹಿ...” ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಅಮ್ಮನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಅನ್ನಪೂರ್ಣೇಶ್ವರಿ ಸಿಸ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಗಬಾರದೆಂದು ನಾನು ತುಟಿ ಕಚ್ಚಿದೆ, ಹೊಲಿಗೆ ಹಾಕಿದ ಜಾಗ ನೋಯುತ್ತಿತ್ತು.

“ನೀವು ಮನೆಯಲ್ಲಿಯೂ ಹೀಗೇ ಬೈತೀರಾ?” ಎಂದು ಕೇಳಿದರು ಅತ್ತೆ.

“ಮನೆಯಲ್ಲಿ ಇನ್ನೂ ಜಾಸ್ತಿ.”

“ಸಿಟ್ಟು ಬಂದರೆ ಎಷ್ಟು ಹೊತ್ತು ಇರ್ತದೆ?”

“ಹೇಳಿ ಮುಗಿಯುವವರೆಗೆ.”

“ಸುಳ್ಳು ಹೇಳ್ತೀರಾ?”

“ಅದಕ್ಕೆ ಪುರುಸೊತ್ತು ಎಲ್ಲುಂಟು? ಇದೆಲ್ಲ ನಿಮಗೆ ಯಾಕೆ?”

“ಯಾರಿಗಾದರೂ ಹೆದರ್ತೀರಾ?”

“ಎಂತಕ್ಕೆ ಹೆದರುವುದು?” ಎಂದರು ಸಿಸ್ಟರ್, ನಿಜವಾಗಿಯೂ ಅರ್ಥವಾಗದೆ.

ಅತ್ತೆ ಅಮ್ಮನ ಕಡೆ ತಿರುಗಿ ಒಮ್ಮೆ ತಲೆ ಅಲ್ಲಾಡಿಸಿದರು. ತಿಂಗಳುಗಟ್ಟಲೆ ನಡೆದ ವಿಚಾರಣೆ ಅಲ್ಲಿಗೆ ಮುಗಿಯಿತು. ಕೈಚೀಲದಿಂದ ಪಂಚೆಯನ್ನೂ ವೀಳ್ಯವನ್ನೂ ತೆಗೆದು ಎರಡು ಕೈಯಲ್ಲಿ ಹಿಡಿದು ಸಿಸ್ಟರಿನ ಮುಂದೆ ಚಾಚಿದರು.

“ಇದು ಎಂತ?”

“ನಿಮಗೆ ಸಲ್ಲಬೇಕಾದ್ದು. ಗಂಡಸರದ್ದು ಆಯ್ತು, ಬೇಸರ ಮಾಡಬೇಡಿ. ತೊಟ್ಟಿಲ ದಿನ ಸೀರೆ ಕೊಡ್ತೇನೆ.”

“ಡ್ಯೂಟಿಯಲ್ಲಿ ನಾವು ಎಂತದೂ ತೆಗೆದುಕೊಳ್ಳಲಿಕ್ಕಿಲ್ಲ.”

“ಕೊಡದೆ ಇರಲಿಕ್ಕೆ ನಮಗೂ ಇಲ್ಲ.”

ಸಿಸ್ಟರ್ ಪಂಚೆಯನ್ನು ಅತ್ತೆಯ ಕಡೆಗೇ ತಳ್ಳಿದರು. “ನಿಮ್ಮ ಸೊಸೆ ಒಂದು ಸಲ ಹೇಳಿದ್ದರು, ಮೆಷಿನಿನಲ್ಲಿ ನಿಮ್ಮ ಅಂಕಿ ಎಷ್ಟು ಬಂತು ಅಂತ. ನನಗೆ ಕೊಡಲೇಬೇಕಾದರೆ ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ. ಮಗು ಇಷ್ಟು ದಪ್ಪ ಆದವರಿಗೆ ಆಮೇಲೆ ಸಕ್ಕರೆ ಕಾಯಿಲೆ ಹಿಡಿಯುವುದು ಜಾಸ್ತಿ. ನೀವೂ ಅದೇ ಸಾಲಿನವರು ಇರಬೇಕು. ಇವರಿಗೂ ಆರು ವಾರದ ಮೇಲೆ ಮತ್ತೆ ಪಾನಕ ಉಂಟು.”

“ಬರ್ತೇನೆ,” ಎಂದರು ಅತ್ತೆ. ಅವರು ಇಷ್ಟು ಬೇಗ ಒಪ್ಪಿದ್ದನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ.

ಅಷ್ಟು ಹೊತ್ತಿಗೆ ಹೊರಗೆ ಜೀಪು ನಿಂತ ಸದ್ದು ಕೇಳಿಸಿತು. ಚೆನ್ನಯ್ಯ ಮಾವ ದಾರಿಯಲ್ಲಿ ಕುಂಬಳೆಯ ಬಸ್ ಸ್ಟ್ಯಾಂಡಿನಿಂದ ಮಹಾಬಲ ಮಾವನನ್ನು ಹತ್ತಿಸಿಕೊಂಡು ಬಂದಿದ್ದರು. ಹೈವೇ ಕೆಲಸದಲ್ಲಿ ಗಾಡಿಗಳ ಸಾಲು ಅಲುಗಾಡದೆ, ಒಬ್ಬರ ಕಿಸೆಯಲ್ಲಿ ಉಂಗುರ, ಇನ್ನೊಬ್ಬರ ಬಾಯಲ್ಲಿ ಬೀಗ, ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬೆಂದುಹೋಗಿದ್ದರು. ಚೆನ್ನಯ್ಯ ಮಾವ ಬಾಗಿಲಲ್ಲೇ, “ಇವರ ಜೊತೆ ಅಷ್ಟು ಹೊತ್ತು ಕೂತು ನನಗೇ ಮಾತು ಮರೆತುಹೋಯ್ತು ಮಾರಾಯ್ರೆ” ಎಂದರು. ಮಹಾಬಲ ಮಾವ ನಗಲಿಲ್ಲ. ಅವರು ಬೆವರಿಕೊಂಡು, ತಂಗಿಯ ಮುಖ, ನನ್ನ ಎದೆಯ ಮೇಲಿನ ಬಟ್ಟೆಯ ಗಂಟು ಎರಡನ್ನೂ ಒಂದೇ ನೋಟದಲ್ಲಿ ನೋಡುತ್ತ ನಿಂತರು.

“ಪುನಃ ತಡ ಆಯ್ತು ರಾಜೀವಿ,” ಎಂದರು. ಅವರು ತಾವಾಗಿ ಮೊದಲು ಮಾತಾಡಿದ್ದನ್ನು ನಾನು ಕೇಳಿದ್ದು ಆ ದಿನ ಮಾತ್ರ.

ಬಟ್ಟೆಯ ಗಂಟಿನೊಳಗಿಂದ ಮಗಳು ಮತ್ತೆ ಕಿರುಚಿದಳು. “ಹಾಲು ಕೊಡಿ ಅಂದದ್ದಲ್ವಾ, ಎಂತ ನೋಡ್ತಾ ಕೂತದ್ದು?” ಎಂದು ಆಚೆ ಮಂಚದ ಬಳಿಯಿಂದ ಸಿಸ್ಟರಿನ ದನಿಯೂ ಬಂತು. ಎರಡು ದನಿಗಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅತ್ತೆ ಅಣ್ಣನ ಕೈ ಹಿಡಿದು ಮಂಚದ ಹತ್ತಿರ ಕರೆತಂದು, ಬೇಡವೆನಿಸಿಕೊಂಡ ಪಂಚೆಯಿಂದ ಅವರ ಹಣೆಯ ಬೆವರು ಒರೆಸಿದರು.

“ಈ ಸಲ ಅಡ್ಡಿ ಇಲ್ಲ ಅಣ್ಣ,” ಎಂದರು. “ಹೊತ್ತಿಗೆ ಸರಿಯಾಗಿ ಒಬ್ಬರು ಇದ್ದರು.”